ಬಾಡಿಗೆಗೂ ಮೊದಲಿನ ದುಡ್ಡು

2019ರ ಆಗಸ್ಟ್‌ನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ಮೂರೂ ನದಿಗಳು ಒಟ್ಟಿಗೆ ಉಕ್ಕಿದವು. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ನದಿದಂಡೆಯ ಊರುಗಳು ನೀರಿನಲ್ಲಿ ನಿಂತವು. ಮನೆ ಪೂರ್ತಿ ಬಿದ್ದವರಿಗೆ 5 ಲಕ್ಷ ರೂಪಾಯಿ, ಮನೆಗೆ ನೀರು ಹೊಕ್ಕ ಕುಟುಂಬಕ್ಕೆ ತಕ್ಷಣದ ಪರಿಹಾರ 10 ಸಾವಿರ ಎಂದು ರಾಜ್ಯ ಸರಕಾರ ಪ್ರಕಟಿಸಿತು. ಅದರ ಬೆನ್ನಿಗೇ ಬಂದ ಇನ್ನೊಂದು ಮಾತನ್ನು ಅಷ್ಟಾಗಿ ಯಾರೂ ಗಮನಿಸಲಿಲ್ಲ. ಮನೆ ಕಳೆದುಕೊಂಡವರು ಬಾಡಿಗೆ ಮನೆ ಹಿಡಿದರೆ ತಿಂಗಳಿಗೆ 5 ಸಾವಿರ ರೂಪಾಯಿ ಕೊಡುವುದಾಗಿ ಸರಕಾರ ಹೇಳಿತ್ತು. ನಿವೇಶನ, ಮನೆ, ಹಕ್ಕುಪತ್ರ ಇವಿಷ್ಟನ್ನೇ ‘ವಸತಿ’ ಎಂದು ಎಣಿಸುತ್ತ ಬಂದ ಆಡಳಿತ ಬಡವರ ಬಾಡಿಗೆಯೂ ತನ್ನ ಹೊಣೆ ಎಂದು ಒಪ್ಪಿದ ಅಪರೂಪದ ಗಳಿಗೆ ಅದು.

ಆದರೆ ಯಡೂರಿನಿಂದಲೋ ಕಲ್ಲೋಳದಿಂದಲೋ ಚಿಕ್ಕೋಡಿಗೆ ಬಂದು ಖೋಲಿ ಕೇಳುವ ಕುಟುಂಬದ ಮುಂದೆ ಮನೆ ಮಾಲಕರು ಇಡುವ ಮೊದಲ ಪ್ರಶ್ನೆ ಬಾಡಿಗೆಯದಲ್ಲ, ‘ಡಿಪಾಜಿಟ್ ಎಷ್ಟ ಕೊಡ್ತೀರಿ?’ ಎಂಬುದು. ಸರಕಾರದ ಘೋಷಣೆಯಲ್ಲಿ ಆ ಮಾತೇ ಇರಲಿಲ್ಲ. ತಿಂಗಳ ಬಾಡಿಗೆ ಕಟ್ಟುವ ಶಕ್ತಿ ಇದ್ದರೂ ಮೊದಲ ದಿನ ಒಟ್ಟಿಗೆ ಎಣಿಸಿ ಇಡುವ ಹಣವಿಲ್ಲದೆ ಎಷ್ಟೋ ಮಂದಿ ತಗಡಿನ ಶೆಡ್ಡಿನಲ್ಲೋ ನೆಂಟರ ಪಡಸಾಲೆಯಲ್ಲೋ ಉಳಿದುಬಿಡುತ್ತಾರೆ. ಈ ಐದು ತಾಲೂಕುಗಳ ನಗರಸಭೆ, ಪುರಸಭೆ, ಪಟ್ಟಣ ಪಂಚಾಯತಿಗಳು ಅವರ ಕೈ ಹಿಡಿಯಬಹುದೇ, ಅದಕ್ಕೆ ಕಾನೂನಿನಲ್ಲಿ ಮತ್ತು ಬೊಕ್ಕಸದಲ್ಲಿ ಜಾಗವಿದೆಯೇ ಎಂಬುದನ್ನು ಒಮ್ಮೆ ಕೂಡಿಸಿ ನೋಡಬೇಕಾಗಿದೆ. ಹಿಡಿಯಬಹುದು, ಹಿಡಿಯಲೇಬೇಕು ಎಂಬುದು ನನ್ನ ನಿಲುವು. ಆದರೆ ನೆರವು ಧನಸಹಾಯದ ರೂಪದಲ್ಲಿ ಬೇಡ, ಜಾಮೀನಿನ ರೂಪದಲ್ಲಿ ಬರಲಿ.

ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ದೇಶಕ್ಕೇ ಗೊತ್ತು. ನಮ್ಮ ಕಡೆ ಅಷ್ಟಿಲ್ಲ ಎಂದು ಸಮಾಧಾನ ಪಡುವವರಿದ್ದಾರೆ. ಆದರೆ ಡಿಪಾಜಿಟ್ಟಿನ ಭಾರವನ್ನು ರಾಜಧಾನಿಗೆ ಹೋಲಿಸಿ ಅಳೆಯಬಾರದು, ಕಟ್ಟುವವರ ಕೂಲಿಗೆ ಹೋಲಿಸಿ ಅಳೆಯಬೇಕು. ಒಂದು ಖೋಲಿ, ಒಂದು ಅಡುಗೆಮನೆಗೆ ತಿಂಗಳಿಗೆ 3 ಸಾವಿರ ಬಾಡಿಗೆ ಎಂದು ಹಿಡಿಯೋಣ. ಐದು ತಿಂಗಳ ಡಿಪಾಜಿಟ್ ಎಂದರೆ 15 ಸಾವಿರ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ ಇತ್ತು. ಆ ಅಳತೆಯಲ್ಲಿ 15 ಸಾವಿರ ನಲವತ್ತು ದಿನದ ದುಡಿಮೆ. ಅದೂ ಆ ನಲವತ್ತು ದಿನ ಮನೆಯಲ್ಲಿ ಯಾರೂ ಉಣ್ಣದಿದ್ದರೆ, ಯಾರಿಗೂ ಜ್ವರ ಬರದಿದ್ದರೆ.

ಈ ಹಣ ಎಲ್ಲಿಂದ ಬರುತ್ತದೆ? ಮೊದಲು ಉಸನಿ, ಎಂದರೆ ಬಡ್ಡಿಯಿಲ್ಲದೆ ನೆಂಟರಲ್ಲಿ ಪಡೆದ ಕೈಗಡ. ಅದು ಸಿಗದಿದ್ದರೆ ಓಣಿಯ ಹೆಂಗಸರು ಕೂಡಿ ಹಾಕುವ ಭಿಶಿ. ಅದರ ಸರದಿಯೂ ದೂರವಿದ್ದರೆ ಕಿವಿಯ ಬೆಂಡೋಲೆ ಒತ್ತೆಗೆ ಹೋಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಮೈಕ್ರೋ ಫೈನಾನ್ಸಿನವರು ಬಾಗಿಲಿಗೇ ಬಂದಿದ್ದಾರೆ. ಎಮ್ಮೆಗೆಂದು ಹೊಲಿಗೆ ಯಂತ್ರಕ್ಕೆಂದು ಬರೆಸಿದ ಸಾಲದಿಂದ ಡಿಪಾಜಿಟ್ ಕಟ್ಟುವುದು ಎಲ್ಲರಿಗೂ ಗೊತ್ತಿದ್ದೂ ಯಾರೂ ಬಾಯಿಬಿಡದ ಸಂಗತಿ. ವಸೂಲಿಯ ಕಾಟ ವಿಪರೀತಕ್ಕೆ ಹೋಗಿ, 2025ರ ಫೆಬ್ರುವರಿಯಲ್ಲಿ ರಾಜ್ಯ ಸರಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಲೆಕ್ಕ ಸರಳ. ವರ್ಷಕ್ಕೆ ಶೇ 24ರ ಬಡ್ಡಿಯಲ್ಲಿ ತಂದ 15 ಸಾವಿರದ ಅಸಲು ಹಾಗೇ ಉಳಿದರೆ ಬಡ್ಡಿಯೇ 3,600. ತಿಂಗಳಿಗೆ 300 ರೂಪಾಯಿ ಮಾಲಕರ ಕೈಗೂ ಸೇರದ, ಯಾವ ಕರಾರಿನಲ್ಲೂ ಬರೆಯದ ಗುಪ್ತ ಬಾಡಿಗೆ.

ಬಾಡಿಗೆಗೆ ಇರುವವರು ಯಾರು ಎಂಬ ಪ್ರಶ್ನೆಗೆ ಈ ಐದು ತಾಲೂಕುಗಳು ಬೇರೆ ಬೇರೆ ಉತ್ತರ ಕೊಡುತ್ತವೆ. ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಕೇಂದ್ರ. ಸುತ್ತಲ ಹಳ್ಳಿಗಳಿಂದ ಪಿಯುಸಿಗೆ, ಪದವಿಗೆ, ಎಂಜಿನಿಯರಿಂಗಿಗೆ ಬಂದ ಮಕ್ಕಳು ನಾಲ್ವರು ಕೂಡಿ ಒಂದು ಖೋಲಿ ಹಿಡಿಯುತ್ತಾರೆ. ಅಥಣಿ ಚರ್ಮದ ಕೈಕಸುಬಿನ ಊರು. ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಸೇರಿವೆ. ಆದರೆ ಚಪ್ಪಲಿ ಹೊಲಿಯುವವರಿಗೆ ಖೋಲಿಯೇ ಕಾರ್ಖಾನೆ. ಹದಮಾಡಿದ ಚರ್ಮದ ವಾಸನೆ ಇರುವ ಕೆಲಸಕ್ಕೆ ಮನೆ ಕೊಡಲು ಮಾಲಕರು ಹಿಂಜರಿಯುತ್ತಾರೆ, ಕೊಟ್ಟವರು ಡಿಪಾಜಿಟ್ ಏರಿಸುತ್ತಾರೆ. ಕಾಗವಾಡ ತಾಲೂಕಿನ ಉಗಾರ ಖುರ್ದದಲ್ಲಿ 1939ರಿಂದ ಸಕ್ಕರೆ ಕಾರ್ಖಾನೆ ಇದೆ. ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ, ಅಥಣಿಗಳಲ್ಲೂ ಕಾರ್ಖಾನೆಗಳಿವೆ. ಹಂಗಾಮಿನ ಕಾರ್ಮಿಕರಿಗೆ, ಲಾರಿ-ಟ್ರ್ಯಾಕ್ಟರ್ ಚಾಲಕರಿಗೆ ಆರು ತಿಂಗಳ ಮನೆ ಬೇಕು. ಆರು ತಿಂಗಳಿಗೆಂದು ಯಾರೂ ಡಿಪಾಜಿಟ್ ಇಳಿಸುವುದಿಲ್ಲ. ಕಬ್ಬು ಕಡಿಯುವ ಗ್ಯಾಂಗುಗಳಂತೂ ಬಾಡಿಗೆ ಪೇಟೆಯ ಆಚೆಗೇ ಉಳಿದು ಹೊಲದ ಬದುವಿನಲ್ಲಿ ಗುಡಿಸಲು ಹಾಕುತ್ತವೆ. ಗ್ಯಾಂಗು ಕರೆತರುವ ಮುಕಾದಮನಿಂದ ಪಡೆದ ಮುಂಗಡ ಅವರನ್ನು ಹಂಗಾಮಿನುದ್ದಕ್ಕೂ ಕಟ್ಟಿಹಾಕಿರುತ್ತದೆ.

ನಿಪ್ಪಾಣಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಿಪ್ಪಾಣಿ ಎಂದರೆ ಹೊರಗಿನವರಿಗೆ 1981ರ ತಂಬಾಕು ಬೆಳೆಗಾರರ ಹೋರಾಟ, ಗೋಲಿಬಾರು ನೆನಪಾಗುತ್ತದೆ. ಅದೇ ಕಾಲದಲ್ಲಿ ತಂಬಾಕು ವಖಾರಿಗಳ ಹೆಂಗಸರು ಚಿಕ್ಕೋಡಿ ತಾಲೂಕಾ ಕಾಮಗಾರ ಮಹಾಸಂಘದ ಅಡಿಯಲ್ಲಿ ಸಂಘಟಿತರಾಗಿ ಕೂಲಿಗಾಗಿ, ಮರ್ಯಾದೆಗಾಗಿ ನಡೆಸಿದ ಮುಷ್ಕರವನ್ನು ನೆನೆಯುವವರು ಕಡಿಮೆ. ಯುಗಾಂತರ ಎಂಬ ಮಹಿಳೆಯರ ಚಿತ್ರಬಳಗ 1982ರಲ್ಲಿ ಆ ಹೆಂಗಸರ ಜೊತೆ ಕೂತು ಮರಾಠಿಯಲ್ಲಿ ಸಾಕ್ಷ್ಯಚಿತ್ರ ತೆಗೆಯಿತು. ದಿನವಿಡೀ ತಂಬಾಕಿನ ಧೂಳಿನಲ್ಲಿ ಜರಡಿ ಹಿಡಿದವರು, ಮನೆಯಲ್ಲಿ ಬೀಡಿ ಕಟ್ಟಿದವರು, ಅವರಲ್ಲಿ ಹಲವರು ಒಂಟಿ ಹೆಂಗಸರು, ಕೆಲವರು ದೇವದಾಸಿ ಪದ್ಧತಿಯಿಂದ ಹೊರಬಂದವರು. ಅಂಥವರು ಖೋಲಿ ಕೇಳಿದಾಗ ‘ಗಂಡಸ್ರ ಯಾರ ಅದಾರ?’ ಎಂಬ ಪ್ರಶ್ನೆ ಡಿಪಾಜಿಟ್ಟಿಗಿಂತ ಮೊದಲು ಬರುತ್ತದೆ.

ಅವರಿಗೆಂದು ಯೋಜನೆ ಇರಲಿಲ್ಲವೇ? ಇತ್ತು. ಬೀಡಿ ಕಾರ್ಮಿಕರ ಕಲ್ಯಾಣ ನಿಧಿಗೆ 1976ರ ಕೇಂದ್ರ ಕಾಯ್ದೆ ಇದೆ. ಮನೆ ಕಟ್ಟಿಕೊಳ್ಳಲು ಕೊಡುತ್ತಿದ್ದ ಸಹಾಯಧನವನ್ನು 2016ರಲ್ಲಿ ಒಂದೂವರೆ ಲಕ್ಷಕ್ಕೆ ಏರಿಸಲಾಯಿತು. ಆದರೆ ಕಟ್ಟಲು ಸ್ವಂತ ಜಾಗ ಬೇಕು. 1991-92ರ ಆಶ್ರಯ, 2000ದಲ್ಲಿ ಹುಟ್ಟಿದ ರಾಜೀವ ಗಾಂಧಿ ವಸತಿ ನಿಗಮ ನಡೆಸಿಕೊಂಡು ಬಂದ ಬಸವ ವಸತಿ, ಅಂಬೇಡ್ಕರ್ ನಿವಾಸ, ದೇವರಾಜ ಅರಸು ವಸತಿ, ವಾಜಪೇಯಿ ನಗರ ವಸತಿ, 2015ರ ಪ್ರಧಾನಮಂತ್ರಿ ಆವಾಸ್, ಎಲ್ಲವೂ ಸ್ವಂತ ಮನೆಯ ಕನಸಿಗೆ ಹಣ ಹಾಕಿದವು. ಆ ಕನಸು ತಪ್ಪಲ್ಲ. ಪಟ್ಟಿಯಲ್ಲಿ ಹೆಸರು ಬಂದು, ಕಂತು ಬಂದು, ಚಾವಣಿ ಬೀಳುವವರೆಗೆ ಆ ಕುಟುಂಬ ಎಲ್ಲಿರಬೇಕು ಎಂಬುದನ್ನು ಯಾವ ಯೋಜನೆಯೂ ಕೇಳಲಿಲ್ಲ. ಪೌರಕಾರ್ಮಿಕರಿಗೆಂದು ಬಂದ ಗೃಹಭಾಗ್ಯವೂ ಕಾಯಂ ಆದವರಿಗೆ. ಬೆಳಗಿನ ಐದಕ್ಕೆ ಊರ ಬೀದಿ ಗುಡಿಸುವ ಗುತ್ತಿಗೆಯವರು ಅದರ ಹೊರಗೆ. 2011ರ ಜನಗಣತಿಯ ಪ್ರಕಾರ ದೇಶದ ನಗರವಾಸಿ ಕುಟುಂಬಗಳಲ್ಲಿ ಶೇ 27ಕ್ಕೂ ಹೆಚ್ಚು ಬಾಡಿಗೆ ಮನೆಯಲ್ಲಿದ್ದವು. ಇಷ್ಟು ಜನ ಇರುವ ಕಡೆಗೆ ನೀತಿಯ ಕಣ್ಣು ತಿರುಗಿದ್ದು 2020ರಲ್ಲಿ ಕೊರೊನಾ ಕಾಲದ ವಲಸೆ ಕಂಡ ಮೇಲೆ. ಆಗ ಬಂದ ಕೈಗೆಟಕುವ ಬಾಡಿಗೆ ವಸತಿ ಸಮುಚ್ಚಯ ಯೋಜನೆ 2024ರ ಪ್ರಧಾನಮಂತ್ರಿ ಆವಾಸ್ 2.0ರಲ್ಲಿ ಒಂದು ಅಂಗವಾಗಿ ಮುಂದುವರಿದಿದೆ. ಅದೂ ಕಟ್ಟಡ ಕಟ್ಟುವ ಯೋಜನೆಯೇ.

ರಾಜ್ಯದ ಎರಡು ಯೋಜನೆಗಳು ಮಾತ್ರ ಬಾಡಿಗೆದಾರರನ್ನು ಬಾಡಿಗೆದಾರರಾಗಿಯೇ ಗುರುತಿಸಿದವು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಊಟ-ವಸತಿಗೆಂದು ತಿಂಗಳ ಲೆಕ್ಕದಲ್ಲಿ ಹಣ ಕೊಡುವ ವಿದ್ಯಾಸಿರಿ ಒಂದು. 2023ರ ಗೃಹಜ್ಯೋತಿ ಇನ್ನೊಂದು; ಮೀಟರ್ ಮಾಲಕರ ಹೆಸರಿನಲ್ಲಿದ್ದರೂ ಅಲ್ಲಿ ವಾಸವಿರುವವರು ಆಧಾರ್ ಜೋಡಿಸಿ ಉಚಿತ ವಿದ್ಯುತ್ ಪಡೆಯಬಹುದು. ಹೆಸ್ಕಾಂ ಕಚೇರಿಯ ಮುಂದೆ ಬಾಡಿಗೆ ಕರಾರು ಹಿಡಿದು ಸಾಲುಗಟ್ಟಿದಾಗ, ಬಾಯಿಮಾತಿನ ಬಾಡಿಗೆಗೂ ಒಂದು ಕಾಗದ ಬೇಕು ಎಂಬುದು ಎಷ್ಟೋ ಮನೆಗಳಿಗೆ ಮೊದಲ ಸಲ ಹೊಳೆಯಿತು. ಈ ಬದಲಾವಣೆ ಸಣ್ಣದೆಂದು ನನಗನಿಸುವುದಿಲ್ಲ. ಮುಂದಿನ ಯಾವ ನೆರವಿಗೂ ಅದೇ ಬುನಾದಿ.

ಕಾನೂನಿನ ಕಡೆ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. 1956ರ ನವೆಂಬರ್‌ವರೆಗೆ ಈ ಸೀಮೆ ಮುಂಬೈ ರಾಜ್ಯದಲ್ಲಿತ್ತು. ರಾಯಬಾಗ 1949ರವರೆಗೆ ಕೊಲ್ಲಾಪುರ ಸಂಸ್ಥಾನದ್ದು. 1947ರ ಮುಂಬೈ ಬಾಡಿಗೆ ನಿಯಂತ್ರಣ ಕಾಯ್ದೆ ಅನ್ವಯಿಸಿದ ಊರುಗಳಲ್ಲಿ ನಿಗದಿತ ಬಾಡಿಗೆಯ ಮೇಲೆ ಪಗಡಿ ಎಂಬ ಮುಂಗಡವನ್ನಾಗಲಿ ಠೇವಣಿಯನ್ನಾಗಲಿ ಕೇಳಿ ಪಡೆಯುವುದೇ ಅಪರಾಧವಾಗಿತ್ತು. ಆ ಬಿಗಿ ಕಾಲಕ್ರಮದಲ್ಲಿ ಸಡಿಲವಾಯಿತು. 1961ರ ಕರ್ನಾಟಕ ಬಾಡಿಗೆ ನಿಯಂತ್ರಣ ಕಾಯ್ದೆಯ ಜಾಗಕ್ಕೆ 1999ರ ಕಾಯ್ದೆ ಬಂದು 2001ರ ಕೊನೆಯ ದಿನ ಜಾರಿಯಾಯಿತು. ಅದರ ವ್ಯಾಪ್ತಿ ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500, ಉಳಿದೆಡೆ 2,000 ರೂಪಾಯಿವರೆಗಿನ ಬಾಡಿಗೆಯ ಮನೆಗೆ ಮಾತ್ರ. ಇಂದಿನ ದರದಲ್ಲಿ ಬಡವರ ಖೋಲಿಯೂ ಆ ಗೆರೆ ದಾಟಿ ಹೊರಗೆ ಬಿದ್ದಿದೆ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೂಡದು ಎನ್ನುತ್ತದೆ. ರಾಜ್ಯ ಅದನ್ನು ತನ್ನ ಕಾಯ್ದೆಯಾಗಿಸಿಕೊಂಡಾಗ ಮಾತ್ರ ಅದಕ್ಕೆ ಬಲ.

ಇಲ್ಲಿ ಮಾಲಕರ ಕಡೆಯ ಮಾತನ್ನೂ ಕೇಳಬೇಕು. ಈ ಪಟ್ಟಣಗಳ ಬಹುಪಾಲು ಮಾಲಕರು ಸಾಹುಕಾರರಲ್ಲ. ನಿವೃತ್ತಿಯ ಹಣದಲ್ಲಿ ಹಿತ್ತಲಿಗೆ ಎರಡು ಖೋಲಿ ಎಬ್ಬಿಸಿದ ಮೇಷ್ಟ್ರು, ಗಂಡ ತೀರಿಕೊಂಡ ಮೇಲೆ ಮಾಳಿಗೆ ಬಾಡಿಗೆಗೆ ಕೊಟ್ಟ ಹೆಂಗಸು. ಅವರ ಭಯ ಎರಡು: ಬಾಡಿಗೆ ನಿಲ್ಲಿಸಿದರೆ ಏನು ಮಾಡುವುದು, ಬಿಡು ಎಂದಾಗ ಬಿಡದಿದ್ದರೆ ಏನು ಮಾಡುವುದು. ಎರಡನೆಯ ಭಯಕ್ಕೆ ಚರಿತ್ರೆಯ ಬೇರಿದೆ. 1974ರ ಭೂಸುಧಾರಣೆ ತಿದ್ದುಪಡಿಯಲ್ಲಿ ಉಳುವವನೇ ಹೊಲದೊಡೆಯನಾದ ನೆನಪು ಈ ಭಾಗದಲ್ಲಿ ಇನ್ನೂ ಹಸಿಯಾಗಿದೆ. ಕಾಗದದಲ್ಲಿ ಹೆಸರು ಬಂದರೆ ಮನೆಯೂ ಹೋದೀತು ಎಂದು ಹಿರಿಯರು ಎಚ್ಚರಿಸುತ್ತಾರೆ. ಮನೆಗೂ ಉಳುಮೆಯ ಭೂಮಿಗೂ ಕಾನೂನು ಬೇರೆ ಎಂದರೂ ಅಂಜಿಕೆ ಹೋಗುವುದಿಲ್ಲ. ಹೀಗಾಗಿ ಕರಾರು ಬರೆದರೂ ಹನ್ನೊಂದು ತಿಂಗಳಿಗೆ. ವರ್ಷ ದಾಟದ ಇಂಥ ಕರಾರಿಗೆ ನೋಂದಣಿ ಕಡ್ಡಾಯವಲ್ಲ. ಕಾಗದದ ಮೇಲಿನ ಅಪನಂಬಿಕೆಯಷ್ಟನ್ನೂ ಡಿಪಾಜಿಟ್ ತುಂಬಿಕೊಡುತ್ತದೆ.

ಕೊಡುವಾಗಿನ ಕಷ್ಟ ಅರ್ಧ, ಮರಳಿ ಪಡೆಯುವಾಗಿನದು ಇನ್ನರ್ಧ. ಮಾಲಕರು ಆ ಹಣವನ್ನು ಪೆಟ್ಟಿಗೆಯಲ್ಲಿಟ್ಟು ಕೂತಿರುವುದಿಲ್ಲ. ಮಗಳ ಮದುವೆಗೋ ಬೋರ್‌ವೆಲ್ಲಿಗೋ ಅದು ಹೋಗಿರುತ್ತದೆ. ‘ಹೊಸಬರು ಬರ್ಲಿ, ಅವರ ಡಿಪಾಜಿಟ್ ಬಂದ ಕೂಡ್ಲೆ ಕೊಡ್ತೀನಿ’ ಎಂಬ ಮಾತಿನಲ್ಲಿ ಮೋಸವಿರಬೇಕೆಂದಿಲ್ಲ. ಆದರೆ ಬಿಟ್ಟು ಹೋಗುವವರು ಹೊಸ ಮನೆಗೆ ಅಂದೇ ದುಡ್ಡು ಎಣಿಸಬೇಕು. ಹಳೆಯದು ಬಂದಿಲ್ಲ, ಹೊಸದು ಕಟ್ಟಬೇಕು, ನಡುವೆ ಇನ್ನೊಂದು ಸಾಲ. ಬಂದದ್ದರಲ್ಲೂ ಸುಣ್ಣ-ಬಣ್ಣದ ಲೆಕ್ಕಕ್ಕೆ ಒಂದು ತಿಂಗಳ ಬಾಡಿಗೆ ಕಡಿತ. ಬಡ ಕುಟುಂಬವೊಂದು ನಾಲ್ಕೈದು ವರ್ಷದಲ್ಲಿ ಎರಡು ಮನೆ ಬದಲಿಸಿದರೆ ಅದರ ಡಿಪಾಜಿಟ್ ಸವೆದು ಅರ್ಧವಾಗಿರುತ್ತದೆ.

ಹೊರದೇಶಗಳಲ್ಲಿ ಇದಕ್ಕೆ ಬೇರೆ ಬೇರೆ ದಾರಿ ಕಂಡುಕೊಂಡಿದ್ದಾರೆ. ಇಂಗ್ಲೆಂಡಿನ ಹಲವು ಸ್ಥಳೀಯ ಕೌನ್ಸಿಲುಗಳು ಬಡ ಬಾಡಿಗೆದಾರರಿಗೆ ಠೇವಣಿ ಹಣವನ್ನು ಸಾಲವಾಗಿ ಕೊಡುತ್ತವೆ ಇಲ್ಲವೇ ಹಣದ ಬದಲು ಮಾಲಕರಿಗೆ ಲಿಖಿತ ಭರವಸೆ ಬರೆದುಕೊಡುತ್ತವೆ: ಬಾಡಿಗೆ ಬಾಕಿಯಾದರೆ, ಮನೆ ಕೆಟ್ಟರೆ ಇಷ್ಟರವರೆಗೆ ನಾವು ತುಂಬುತ್ತೇವೆ ಎಂದು. ಅಲ್ಲಿ 2007ರಿಂದ ಠೇವಣಿಯನ್ನು ಸರಕಾರ ಒಪ್ಪಿದ ರಕ್ಷಣಾ ವ್ಯವಸ್ಥೆಗೆ ಒಳಪಡಿಸಬೇಕು. 2019ರ ಕಾಯ್ದೆಯಿಂದ ಸಾಮಾನ್ಯ ಮನೆಗಳಿಗೆ ಐದು ವಾರದ ಬಾಡಿಗೆಯೇ ಮಿತಿ. ಫ್ರಾನ್ಸಿನಲ್ಲಿ ಉದ್ಯೋಗದಾತರ ವಂತಿಗೆಯಿಂದ ನಡೆಯುವ ಸಂಸ್ಥೆ ಠೇವಣಿಗೆ 1,200 ಯೂರೋವರೆಗೆ ಬಡ್ಡಿಯಿಲ್ಲದ ಮುಂಗಡ ಕೊಡುತ್ತದೆ. ನನಗೆ ಹೆಚ್ಚು ಹಿಡಿಸಿದ್ದು ಜರ್ಮನಿಯ ಕ್ರಮ. ಠೇವಣಿ ಮೂರು ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲ, ಅದನ್ನು ಮೂರು ಸಮ ಕಂತಿನಲ್ಲಿ ಕಟ್ಟುವುದು ಬಾಡಿಗೆದಾರರ ಹಕ್ಕು, ಮಾಲಕರು ಅದನ್ನು ತಮ್ಮ ಆಸ್ತಿಯಿಂದ ಬೇರೆಯಾಗಿ ಇಡಬೇಕು, ಬಡ್ಡಿ ಕಟ್ಟಿದವರಿಗೇ ಸೇರಬೇಕು. ಕಂತಿನ ಹಕ್ಕೊಂದೇ ಇಲ್ಲಿ ಬಂದರೂ ನಮ್ಮ ವಖಾರಿಯ ಹೆಂಗಸರ ಬೆಂಡೋಲೆ ಒತ್ತೆಗೆ ಹೋಗುವುದು ತಪ್ಪೀತು.

ನಮ್ಮ ಪುರಸಭೆಗಳು ಅಷ್ಟು ದೊಡ್ಡವಲ್ಲ, ನಿಜ. ಆದರೂ ಅಧಿಕಾರವಿಲ್ಲ ಎನ್ನುವಂತಿಲ್ಲ. ಸಂವಿಧಾನದ 74ನೇ ತಿದ್ದುಪಡಿ ಸೇರಿಸಿದ ಹನ್ನೆರಡನೇ ಅನುಸೂಚಿಯಲ್ಲಿ ದುರ್ಬಲ ವರ್ಗಗಳ ಹಿತರಕ್ಷಣೆ, ಕೊಳೆಗೇರಿ ಸುಧಾರಣೆ, ನಗರ ಬಡತನ ನಿವಾರಣೆ ಮೂರೂ ಸ್ಥಳೀಯ ಸಂಸ್ಥೆಗಳ ಕೆಲಸಗಳೇ. ಹಣದ ತಲೆಬರಹಗಳೂ ಇವೆ: ಪರಿಶಿಷ್ಟ ಜಾತಿ-ಪಂಗಡಗಳ ಏಳಿಗೆಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5. ಈ ನಿಧಿಯಿಂದ ಗ್ಯಾಸ್ ಸಂಪರ್ಕ, ಶೌಚಾಲಯ, ಮಕ್ಕಳ ಓದು, ವೈದ್ಯಕೀಯ ನೆರವು, ಮನೆ ದುರಸ್ತಿಗಳಿಗೆ ವೈಯಕ್ತಿಕ ಸೌಲಭ್ಯ ಕೊಡುವ ರೂಢಿ ಇದೆ. ದುರಸ್ತಿಗೆ ಮನೆ ಸ್ವಂತದ್ದಾಗಿರಬೇಕು. ಸ್ವಂತ ಮನೆಯಿಲ್ಲದವರಿಗೆ ಅದೇ ನಿಧಿಯಿಂದ ಡಿಪಾಜಿಟ್ ಜಾಮೀನು ಏಕೆ ಬೇಡ?

ಜಾಮೀನು ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ನೂರು ಕುಟುಂಬಗಳಿಗೆ ತಲಾ 10 ಸಾವಿರ ಸಹಾಯಧನ ಕೊಟ್ಟರೆ 10 ಲಕ್ಷ ಒಂದೇ ವರ್ಷದಲ್ಲಿ ಮುಗಿಯುತ್ತದೆ, ಅದು ಹೋಗಿ ಕೂರುವುದೂ ಮಾಲಕರ ಕೈಯಲ್ಲಿ. ಅದೇ 10 ಲಕ್ಷವನ್ನು ಬ್ಯಾಂಕಿನ ಪ್ರತ್ಯೇಕ ಠೇವಣಿಯಲ್ಲಿಟ್ಟು ನೂರು ಜಾಮೀನು ಪತ್ರ ಕೊಟ್ಟರೆ, ಐವರಲ್ಲಿ ಒಬ್ಬರು ಪೂರ್ತಿ ತಪ್ಪಿದರೂ ಹೋಗುವುದು 2 ಲಕ್ಷ. ಉಳಿದದ್ದು ಮುಂದಿನ ವರ್ಷಕ್ಕೆ. ಪತ್ರ ಒಂದು ಮನೆಯಿಂದ ಇನ್ನೊಂದು ಮನೆಗೆ ಕುಟುಂಬದ ಜೊತೆಗೇ ಹೋಗುವುದರಿಂದ ಹಳೆಯ ಡಿಪಾಜಿಟ್ಟಿಗೆ ಕಾಯುವ ನಡುವಿನ ಸಾಲವೂ ಇಲ್ಲ. ಇದು ನಮ್ಮ ಪುರಸಭೆಗಳಿಗೆ ತೀರಾ ಹೊಸತೂ ಅಲ್ಲ. 2020ರಲ್ಲಿ ಬಂದ ಬೀದಿ ವ್ಯಾಪಾರಿಗಳ ಸ್ವನಿಧಿ ಯೋಜನೆಯಲ್ಲಿ ಪುರಸಭೆಯ ಶಿಫಾರಸು ಪತ್ರದ ಮೇಲೆ ಬ್ಯಾಂಕು 10 ಸಾವಿರದ ಮೊದಲ ಸಾಲ ಕೊಟ್ಟಿತು, ತೀರಿಸಿದವರಿಗೆ 20 ಸಾವಿರ, ಬಳಿಕ 50 ಸಾವಿರ. ಜಾಮೀನಿಲ್ಲದ ತರಕಾರಿ ಮಾರುವವಳ ಪರವಾಗಿ ಪುರಸಭೆ ಒಂದು ಕಾಗದ ಬರೆಯಬಲ್ಲುದಾದರೆ ಅವಳ ಖೋಲಿಗಾಗಿಯೂ ಬರೆಯಬಲ್ಲದು.

ತಕರಾರುಗಳಿವೆ. ಪುರಸಭೆಯ ಪತ್ರವನ್ನು ನಂಬುವವರು ಯಾರು ಎಂಬುದು ಮೊದಲನೆಯದು; ಗುತ್ತಿಗೆದಾರರ ಬಿಲ್ಲಿಗೇ ತಿಂಗಳುಗಟ್ಟಲೆ ಕಾಯಿಸುವ ಕಚೇರಿ ಎಂದು ಮಾಲಕರು ಹೇಳಿದರೆ ಅದನ್ನು ತಳ್ಳಿಹಾಕಲಾಗದು. ಅದಕ್ಕೇ ಹಣ ಕಚೇರಿಯ ಖಾತೆಯಲ್ಲಿರಬಾರದು, ಬ್ಯಾಂಕಿನಲ್ಲಿ ಬೇರೆ ಇರಬೇಕು, ಹಕ್ಕು ಕೇಳಿದವರಿಗೆ ನಿಗದಿತ ದಿನದೊಳಗೆ ಸಿಗಬೇಕು. ಊರೂರಿಗೂ ಪತ್ತಿನ ಸಹಕಾರ ಸಂಘಗಳು ಬೇರುಬಿಟ್ಟಿರುವ ಈ ಸೀಮೆಯಲ್ಲಿ ಅಂಥ ಸಂಘವೊಂದನ್ನು ನಡುವೆ ನಿಲ್ಲಿಸಿದರೆ ಮಾಲಕರ ನಂಬಿಕೆ ಬೇಗ ಬಂದೀತು. ನೆರವು ಬಂತೆಂದು ಮಾಲಕರು ಡಿಪಾಜಿಟ್ಟನ್ನೇ ಏರಿಸಿದರೆ ಎಂಬುದು ಎರಡನೆಯ ತಕರಾರು. ಎರಡು ತಿಂಗಳ ಬಾಡಿಗೆಗೆ ಮೀರಿದ ಡಿಪಾಜಿಟ್ ಕೇಳುವ ಮನೆಗೆ ಜಾಮೀನೇ ಇಲ್ಲ ಎಂದು ಮೊದಲೇ ಬರೆದಿಡಬೇಕು. ಫಲಾನುಭವಿಗಳ ಪಟ್ಟಿಯೂ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಯ ಹಾದಿ ಹಿಡಿಯಬಾರದು. ಬಂದ ಅರ್ಜಿಯ ಸರದಿಯಂತೆ, ಸೂಚನಾ ಫಲಕದ ಮೇಲೆ ಎಲ್ಲರಿಗೂ ಕಾಣುವಂತೆ ನಡೆಯಬೇಕು.

ಜಾಮೀನಿನಿಂದ ತೆರೆಯದ ಬಾಗಿಲೂ ಒಂದಿದೆ. 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದ ಅಂಬೇಡ್ಕರರಿಗೆ ಆ ಊರಿನಲ್ಲಿ ಇಳಿದುಕೊಳ್ಳಲು ಮನೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಲ್ಲಿ ಜಾತಿ ಮರೆಸಿ ಉಳಿದಿದ್ದವರನ್ನು ಕೋಲು ಹಿಡಿದು ಬಂದವರು ಹೊರಡಿಸಿದರು. ಅದೇ ಅಂಬೇಡ್ಕರರು 1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಗೆ ಬಂದು ಮುಂಬೈ ಪ್ರಾಂತದ ಬಹಿಷ್ಕೃತ ವರ್ಗಗಳ ಪರಿಷತ್ತಿನ ಅಧ್ಯಕ್ಷತೆ ವಹಿಸಿದರು. ನೂರು ವರ್ಷ ಕಳೆದರೂ ‘ಯಾವ ಮಂದಿ?’ ಎಂದು ಕೇಳಿ ಬಾಗಿಲು ಹಾಕುವ ಮನೆಗಳು ಇನ್ನೂ ಇವೆ. ದಲಿತರು, ಮುಸ್ಲಿಮರು ಹಣ ಕೈಯಲ್ಲಿ ಹಿಡಿದುಕೊಂಡೇ ಓಣಿಯಿಂದ ಓಣಿಗೆ ಅಲೆಯುತ್ತಾರೆ. ಪುರಸಭೆ ಇದನ್ನು ಒಂದೇ ಸಲಕ್ಕೆ ಬದಲಿಸಲಾರದು. ಆದರೆ ಜಾಮೀನು ಪಡೆಯುವ ಮಾಲಕರ ಪಟ್ಟಿ ತನ್ನ ಕೈಯಲ್ಲಿದ್ದಾಗ, ಜಾತಿ-ಧರ್ಮ ಕೇಳಿ ಮನೆ ನಿರಾಕರಿಸಿದವರನ್ನು ಆ ಪಟ್ಟಿಯಿಂದ ಕೈಬಿಡುವ ಅಧಿಕಾರ ಅದಕ್ಕಿರುತ್ತದೆ.

ಎಲ್ಲಿಂದ ಶುರು ಮಾಡುವುದು? ಐದರಲ್ಲಿ ದೊಡ್ಡ ಪಟ್ಟಣ ನಿಪ್ಪಾಣಿ. 2011ರಲ್ಲೇ ಅದರ ಜನಸಂಖ್ಯೆ 60 ಸಾವಿರ ದಾಟಿತ್ತು, ನಗರಸಭೆಯ ಆದಾಯವೂ ಅದಕ್ಕೆ ತಕ್ಕಂತೆ. ಅದು ತಾನೇ ಒಂದು ನಿಧಿ ತೆರೆಯಬಲ್ಲದು. ರಾಯಬಾಗ, ಕಾಗವಾಡಗಳಂಥ ಪಟ್ಟಣ ಪಂಚಾಯತಿಗಳ ಸ್ವಂತ ಆದಾಯ ಕಡಿಮೆ. ಒಂದೇ ವರ್ಷದಲ್ಲಿ ನಾಲ್ಕು ಜಾಮೀನು ಮುರಿದರೂ ನಿಧಿ ಅಲುಗಾಡುತ್ತದೆ. ಅವು ಒಂಟಿಯಾಗಿ ಹೋಗದೆ, ಜಿಲ್ಲಾಧಿಕಾರಿಗಳ ಕೆಳಗಿರುವ ನಗರಾಭಿವೃದ್ಧಿ ಕೋಶದ ಮೂಲಕ ಎಲ್ಲ ಸ್ಥಳೀಯ ಸಂಸ್ಥೆಗಳು ತಮ್ಮ ಶೇ 24.10, 7.25, 5ರ ಪಾಲಿನಿಂದ ಸ್ವಲ್ಪ ಸ್ವಲ್ಪ ಹಾಕಿ ಒಂದು ಕೂಡು ನಿಧಿ ಮಾಡಿಕೊಳ್ಳಬೇಕು. ಕರಾರಿನ ನಮೂನೆ ಒಂದೇ ಪುಟದ್ದು, ಒಂದು ಬದಿ ಕನ್ನಡ, ಇನ್ನೊಂದು ಬದಿ ಮರಾಠಿ. ಒಳಗೆ ಬರುವ ದಿನ ಗೋಡೆ, ಬಾಗಿಲು, ನಲ್ಲಿ ಹೇಗಿತ್ತು ಎಂದು ಇಬ್ಬರೂ ಮೊಬೈಲಿನಲ್ಲಿ ತೆಗೆದ ಚಿತ್ರ ಅದಕ್ಕೆ ಜೋಡಣೆ. ಮೊದಲ ಪತ್ರಗಳು ಗುತ್ತಿಗೆ ಪೌರಕಾರ್ಮಿಕರಿಗೆ ಹೋಗಲಿ: ಅವರ ಹಾಜರಿ ಪುಸ್ತಕ ಪುರಸಭೆಯಲ್ಲೇ ಇದೆ, ಅವರನ್ನು ಗುರುತಿಸಲು ಬೇರೆ ಸಮೀಕ್ಷೆ ಬೇಕಿಲ್ಲ.